ಉಪ್ಪಿಟ್ಟು ಸೆಶನ್‌ನಲ್ಲಿ ನಾನು ಏನ್ ನೋಡ್ತೀನಿ
ನಾನು ಆಕ್ಯುಪೇಶನಲ್ ಥೆರಪಿಸ್ಟು, ಅಂದ್ರೆ ಕಾಯಿಲೆಯಿಂದ ಕಷ್ಟ ಆಗಿರೋ ದಿನನಿತ್ಯದ ಕೆಲಸಗಳನ್ನ ಮತ್ತೆ ಮಾಡ್ಕೊಳ್ಳೋಕೆ ಸಹಾಯ ಮಾಡೋಳು, ಬೆಂಗಳೂರಲ್ಲೇ ಕೆಲಸ. ಈಟಿಂಗ್ ಡಿಸಾರ್ಡರ್ (ಊಟ ಮಾಡೋ ರೀತೀನೇ ಕೆಡಿಸೋ ಮಾನಸಿಕ ಕಾಯಿಲೆ) ಇರೋರ ಜೊತೆ ಅಡಿಗೆ ಸೆಶನ್ ಮಾಡ್ತೀನಿ ಅಂದ್ರೆ ಸಾಕು, "ಓ, ಅಡಿಗೆ ಕಲಿಸ್ತೀರಾ?" ಅಂತಾರೆ. ಅಯ್ಯೋ, ಅನೊರೆಕ್ಸಿಯಾ, ಅಂದ್ರೆ ದಪ್ಪ ಆಗ್ತೀನಿ ಅನ್ನೋ ಭಯಕ್ಕೆ ಊಟ ತೀರಾ ಕಡಿಮೆ ಮಾಡೋ ಕಾಯಿಲೆ, ಇರೋ ಎಷ್ಟೋ ಜನ ನನಗಿಂತ ಚೆನ್ನಾಗಿ ಮಾಡ್ತಾರೆ. ಮನೆಯವ್ರಿಗೆಲ್ಲ ಬಿಸಿಬೇಳೆಬಾತು, ಕೇಕು, ಒಬ್ಬಟ್ಟು ಅಂತ ಮಾಡಿ ಬಡಿಸಿ, ತಮ್ಮ ಸರದಿ ಬಂದಾಗ "ಮಾಡ್ತಾ ಮಾಡ್ತಾನೇ ಹೊಟ್ಟೆ ತುಂಬೋಯ್ತು" ಅಂತ ಎದ್ದು ಹೋಗ್ತಾರೆ. ಅಮ್ಮಂದಿರಿಗೆ ಖುಷಿ, ಸದ್ಯ ಊಟದ ಮೇಲೆ ಮನಸ್ಸು ಬಂತಲ್ಲ ಅಂತ. ಆದ್ರೆ ಅರೆಹೊಟ್ಟೇಲಿರೋರಿಗೆ ತಲೆ ತುಂಬಾ ಅಡಿಗೇನೇ ಓಡೋದು ಕಾಯಿಲೆದೇ ಒಂದು ಲಕ್ಷಣ. 1944-45ರಲ್ಲಿ ಅಮೆರಿಕದ ಮಿನೆಸೋಟಾದಲ್ಲಿ ಆನ್ಸೆಲ್ ಕೀಸ್ ಅನ್ನೋರು, ತಾವಾಗೇ ಒಪ್ಕೊಂಡು ಬಂದಿದ್ದ 36 ಜನ ಗಟ್ಟಿಮುಟ್ಟಾದ ಗಂಡಸ್ರಿಗೆ ಆರು ತಿಂಗಳು ಊಟ ಕಡಿಮೆ ಕೊಟ್ಟು ನೋಡಿದ್ರು, ಅವ್ರಲ್ಲಿ ಎಷ್ಟೋ ಜನ ಅಡಿಗೆ ಪುಸ್ತಕ ಹಿಡ್ಕೊಂಡು ಕೂತ್ಬಿಟ್ರು!

ಅದಕ್ಕೇ ರುಚಿ ಹೇಗಿದೆ ಅನ್ನೋದು ನನಗೆ ಮುಖ್ಯ ಅಲ್ಲ. ಎಣ್ಣೆ ಹಾಕೋ ಕೈ ನೋಡ್ತೀನಿ, ಉಪ್ಪು ನೋಡೋಕೆ ನಾಲಿಗೆಗೆ ಇಟ್ಕೋತಾರಾ ಅಂತ ನೋಡ್ತೀನಿ, ಆಮೇಲೆ ತಟ್ಟೆ.

ಎಲ್ರಿಗೂ ಮೊದಲ ದಿನಾನೇ ಒಲೆ ಮುಂದೆ ನಿಲ್ಸಲ್ಲ. ತೂಕ ತೀರಾ ಇಳಿದಿರೋರಿಗೆ ಒಂದೇ ಸಲ ಊಟ ಜಾಸ್ತಿ ಮಾಡಿದ್ರೆ ರಕ್ತದಲ್ಲಿ ಫಾಸ್ಫೇಟು, ಪೊಟ್ಯಾಶಿಯಂ ದಿಢೀರ್ ಇಳಿದು ಹಾರ್ಟಿಗೇ ಅಪಾಯ, ಹಂಗಾಗಿ ಡಾಕ್ಟ್ರು ಓಕೆ ಅಂದ್ಮೇಲೇನೇ, ಎಷ್ಟು ತಿನ್ಬೇಕು ಅಂತ ಡಯಟೀಶಿಯನ್ ಹೇಳಿದ್ಮೇಲೇನೇ ನನ್ನ ಕೆಲಸ ಶುರು.

ಒಬ್ಳು ಕಾಲೇಜು ಹುಡುಗಿ ಇದ್ಳು (ಗುರುತು ಸಿಗ್ಬಾರ್ದು ಅಂತ ವಿವರ ಬದಲಾಯಿಸಿದೀನಿ). ಬಾಣಲೆಗೆ ಎಣ್ಣೆ ನಾಲ್ಕು ಹನಿ ಬಿಟ್ಟು ಅದನ್ನೂ ಟಿಶ್ಯೂಲಿ ಒರೆಸಿದ್ಳು. ಸಾಸಿವೆ ಸಿಡೀಲೇ ಇಲ್ಲ, ಒಣಗಿ ಕಪ್ಪಾಯ್ತು. ನಾನು ಬೈಲಿಲ್ಲ, "ನಿಮ್ಮಜ್ಜಿ ಉಪ್ಪಿಟ್ಟಿಗೆ ಎಣ್ಣೆ ಅಳೀತಿದ್ರಾ?" ಅಂದೆ. "ಇಲ್ಲ ಮೇಡಮ್, ಸುಮ್ನೆ ಸುರೀತಿದ್ರು." "ಸರಿ, ಹಂಗೇ ಸುರಿ." ಕೈ ನಡುಗ್ತಿತ್ತು. ಭಯ ಸೊನ್ನೆಯಿಂದ ಹತ್ತರಲ್ಲಿ ಎಷ್ಟಿದೆ ಅಂತ ಕೇಳಿದ್ರೆ ಒಂಬತ್ತು ಅಂದ್ಳು. ಬೋರ್ಡ್ ಮೇಲೆ ಬರೆದ್ವಿ, ರವೆ ಹುರಿದ್ವಿ, ಈರುಳ್ಳಿ ಕೆಂಪಾಗೋವರ್ಗೂ ಅವಳ ಅತ್ತೆ ಮಗಳ ಮದುವೆ ವಿಷಯ ಮಾತಾಡಿದ್ವಿ.

ಆಮೇಲೆ ಇಬ್ರೂ ತಟ್ಟೆ ಹಾಕ್ಕೊಂಡು ಕೂರೋದು, ಇದಿಲ್ಲ ಅಂದ್ರೆ ಉಳಿದಿದ್ದೆಲ್ಲ ಬರೀ ಕುಕ್ಕಿಂಗ್ ಕ್ಲಾಸು. ನಾನೂ ಅಷ್ಟೇ ತಿಂತೀನಿ, ಕ್ಯಾಲೊರಿ ಮಾತು ಎತ್ತಲ್ಲ, ಗೋಡಂಬಿ ಪಕ್ಕಕ್ಕೆ ತಳ್ಳಿದ್ರೆ ಮೆಲ್ಲಗೆ ಹೇಳ್ತೀನಿ. ತಿಂದ್ಮೇಲೂ ಸ್ವಲ್ಪ ಹೊತ್ತು ಜೊತೇಲೇ ಇರ್ತೀವಿ, ವಾಂತಿ ಮಾಡೋ ಅಭ್ಯಾಸ ಇರೋರಿಗೆ ಆ ಹೊತ್ತೇ ಕಷ್ಟದ್ದು, ಆಗ ಕೈಗೆ ಏನಾದ್ರೂ ಕೆಲಸ ಬೇಕು, ನಾನು ಹೆಚ್ಚಾಗಿ ಸೊಪ್ಪು ಬಿಡಿಸೋಕೆ ಕೊಡ್ತೀನಿ.

ಮನೆಯವ್ರಿಗೆ ಒಂದೇ ರಿಕ್ವೆಸ್ಟು, "ಈಗ ಮುಖ ತುಂಬ್ಕೊಂಡಿದೆ ನೋಡು" ಅನ್ಬೇಡಿ. ನೀವು ಹೊಗಳಿದ್ದು, ಅವಳಿಗೆ ಕೇಳ್ಸೋದು 'ದಪ್ಪ ಆದೆ' ಅಂತ.

ಸೆಶನ್‌ನಲ್ಲಿ ಧೈರ್ಯ ಬಂದ್ಮೇಲೆ ದರ್ಶಿನಿಗೆ ಹೋಗ್ತೀವಿ, ಅಲ್ಲಿ ಎಣ್ಣೆ ಸುರಿಯೋ ಕೈ ಬೇರೆಯವ್ರದ್ದು, ನೋಡೋಕೂ ಆಗಲ್ಲ. ಈ ಹುಡುಗಿ ಈಗ ಖಾರಾಬಾತು ಪೂರ್ತಿ ತಿಂತಾಳೆ. ಪಕ್ಕದ ಕೇಸರಿಬಾತು ಇನ್ನೂ ನನ್ನ ತಟ್ಟೆಗೇ ಬರ್ತಿದೆ, ಮುಂದಿನ ಗುರಿ ಅದೇ.