ಹಾಲಿನ ಲೆಕ್ಕದ ಪುಸ್ತಕದಲ್ಲಿ ಅತ್ತೆಯ ಮಾತ್ರೆಗಳು

ಮುಳಬಾಗಿಲು ತಾಲ್ಲೂಕಿನ ನಮ್ಮೂರ ಹಾಲು ಉತ್ಪಾದಕರ ಸಂಘದಲ್ಲಿ ನಾನು ಲೆಕ್ಕ ಬರೆಯುತ್ತೇನೆ. ಬೆಳಗ್ಗೆ ಎಷ್ಟು ಲೀಟರ್, ಸಂಜೆ ಎಷ್ಟು, ಫ್ಯಾಟ್ ಎಷ್ಟು ಎಂದು ಬರೆದೂ ಬರೆದೂ ಅದು ಚಟವಾಗಿಬಿಟ್ಟಿದೆ.

ನಮ್ಮ ಅತ್ತೆಗೆ 72 ವರ್ಷ. ಸಕ್ಕರೆ ಕಾಯಿಲೆ, ಬಿಪಿ, ಜೊತೆಗೆ ಮಂಡಿ ನೋವು. ಮಂಡಿ ನೋವೆಂದರೆ ನಮ್ಮ ಕಡೆ ಎಲ್ಲರೂ ಬೋರ್‌ವೆಲ್ ನೀರಿನ ಫ್ಲೋರೈಡನ್ನೇ ದೂರುತ್ತಾರೆ. ಸಕ್ಕರೆಗೂ ಬಿಪಿಗೂ ಕೋಲಾರದ ಡಾಕ್ಟರು, ಉಳಿದದ್ದಕ್ಕೆಲ್ಲ ಹತ್ತಿರದ ಒಂದು ಕ್ಲಿನಿಕ್.

ಡಿಸೆಂಬರಿನ ಒಂದು ಶನಿವಾರ ರಾತ್ರಿ ಎರಡು ಗಂಟೆಗೆ ಅತ್ತೆ ಸೆರಗು ತೊಯ್ಯುವಷ್ಟು ಬೆವರಿ, ನನ್ನನ್ನು ತಮ್ಮ ತಂಗಿಯ ಹೆಸರು ಹಿಡಿದು ಕರೆದರು. ನನ್ನ ಗಂಡ ಸೆಕೆ ಎಂದರು. ಆ ಚಳಿಯಲ್ಲಿ ಎಂಥ ಸೆಕೆ? ಗ್ಲುಕೋಮೀಟರ್‌ನಲ್ಲಿ ನೋಡಿದರೆ 54. 70ಕ್ಕಿಂತ ಕೆಳಗಿಳಿದರೆ ಕಡಿಮೆ ಎಂದೇ ಲೆಕ್ಕ. ನುಂಗುವಷ್ಟು ಎಚ್ಚರವಿತ್ತು, ಮೂರು ಚಮಚ ಸಕ್ಕರೆ ಕದಡಿ ಕುಡಿಸಿದೆ. 15 ನಿಮಿಷ ಬಿಟ್ಟು ಮತ್ತೆ ನೋಡಿದಾಗ 88. ಆಮೇಲೆ ಮಜ್ಜಿಗೆ ಅನ್ನ ಕೊಟ್ಟೆ.

ಬೆಳಗ್ಗೆ ಅತ್ತೆಯ ಬಿಸ್ಕತ್ತಿನ ಡಬ್ಬಿಯಲ್ಲಿದ್ದ ಮಾತ್ರೆಗಳನ್ನೆಲ್ಲ ಚಾಪೆಯ ಮೇಲೆ ಸುರಿದೆ. ಸ್ಟ್ರಿಪ್‌ಗಳ ಮೇಲೆ ದೊಡ್ಡದಾಗಿ ಕಾಣುವ ಹೆಸರನ್ನು ಬಿಟ್ಟು, ಒಳಗಿರುವ ಔಷಧದ ಹೆಸರನ್ನು ಭೂತಗನ್ನಡಿ ಹಿಡಿದು ಬರೆದುಕೊಂಡೆ. ಒಂದರಲ್ಲಿ ಸಕ್ಕರೆ ಇಳಿಸುವ ಗ್ಲಿಮೆಪಿರೈಡ್ 2 ಮಿ.ಗ್ರಾಂ, ಮೆಟ್‌ಫಾರ್ಮಿನ್ 500 ಮಿ.ಗ್ರಾಂ. ಬೇರೆ ಬಣ್ಣ, ಬೇರೆ ಕಂಪನಿಯ ಇನ್ನೊಂದರಲ್ಲಿ ಮತ್ತೆ ಗ್ಲಿಮೆಪಿರೈಡ್, 1 ಮಿ.ಗ್ರಾಂ. ಮೊದಲನೆಯದು ಕೋಲಾರದ್ದು. ಎರಡನೆಯದು ಜ್ವರಕ್ಕೆಂದು ಹೋದಾಗ ಕ್ಲಿನಿಕ್ಕಿನಲ್ಲಿ ಸಕ್ಕರೆ ಹೆಚ್ಚಿದೆ ಎಂದು ಬರೆದುಕೊಟ್ಟದ್ದು. ಅರ್ಧ ತಪ್ಪು ನಮ್ಮದೇ, ಹಳೆಯ ಚೀಟಿ ಒಯ್ದಿರಲಿಲ್ಲ. ಆದರೆ ಬೇರೆ ಏನು ನುಂಗುತ್ತಿದ್ದೀರಿ ಎಂದು ಅವರೂ ಕೇಳಲಿಲ್ಲ, ಮೆಡಿಕಲ್ ಸ್ಟೋರಿನವರೂ ಕೇಳಲಿಲ್ಲ.

ನಾನಾಗಿ ಯಾವುದನ್ನೂ ನಿಲ್ಲಿಸಲಿಲ್ಲ. ಕೋಲಾರಕ್ಕೆ ಫೋನ್ ಮಾಡಿ ಎರಡೂ ಹೆಸರು ಓದಿ ಹೇಳಿದೆ. ಎರಡನೆಯದನ್ನು ಬಿಡಿಸಿ, ಹದಿನೈದು ದಿನ ಸಕ್ಕರೆ ನೋಡಿಕೊಂಡು ಬನ್ನಿ ಎಂದರು. ಹಾಲಿನ ಹಳೆಯ ಪುಸ್ತಕದಲ್ಲಿ ಗೆರೆ ಎಳೆದೆ: ಔಷಧ, ಮಿ.ಗ್ರಾಂ, ಬರೆದವರು ಯಾರು, ಏತಕ್ಕೆ, ನುಂಗಿದ ಹೊತ್ತು, ಉಂಡದ್ದೇನು, ಸಕ್ಕರೆ ಎಷ್ಟು. ಕೊನೆಯ ಎರಡು ಕಾಲಂ ಇಲ್ಲದೆ ಹೋಗಿದ್ದರೆ ಮುಂದಿನದು ಹೊಳೆಯುತ್ತಲೇ ಇರಲಿಲ್ಲ. ಮುಂದಿನ ಶನಿವಾರ ರಾತ್ರಿ ಮತ್ತೆ 66!

ಶನಿವಾರ ಅತ್ತೆಗೆ ವೆಂಕಟರಮಣಸ್ವಾಮಿಯ ಒಪ್ಪತ್ತು. ಬೆಳಗ್ಗೆ ಬರಿಹೊಟ್ಟೆಗೆ ಮಾತ್ರೆ, ಊಟ ಸಂಜೆಗೆ, ಅದೂ ಒಂದು ಹಿಡಿ. ಗ್ಲಿಮೆಪಿರೈಡ್ ಹೊಟ್ಟೆಯಲ್ಲಿ ಅನ್ನವಿರಲಿ ಇಲ್ಲದಿರಲಿ ಇನ್ಸುಲಿನ್ ಹೊರಡಿಸುತ್ತದೆ. ಮೆಟ್‌ಫಾರ್ಮಿನ್ ಒಂದೇ ಆದರೆ ಸಕ್ಕರೆಯನ್ನು ಹೀಗೆ ಕುಸಿಯುವಂತೆ ಮಾಡುವುದು ಅಪರೂಪ. ಇಷ್ಟು ವರ್ಷ ಡಾಕ್ಟರ ಮುಂದೆ ಅತ್ತೆ ಒಪ್ಪತ್ತಿನ ಮಾತೇ ಎತ್ತಿರಲಿಲ್ಲ. ದೇವರ ವಿಷಯ ಅವರಿಗೆ ಯಾಕಮ್ಮ ಎಂದರು.

ಡಾಕ್ಟರ ಮೇಜಿನ ಮೇಲೆ ಪುಸ್ತಕವನ್ನೂ ಸ್ಟ್ರಿಪ್‌ಗಳನ್ನೂ ಇಟ್ಟೆ. "ನೀವು ನರ್ಸಾ?" ಎಂದರು. "ಇಲ್ಲ ಸರ್, ಹಾಲಿನ ಡೈರಿ." ಯಾಕೆ ಹೀಗಾಯಿತು ಎಂದು ಜಗಳಕ್ಕೆ ಹೋಗಲಿಲ್ಲ, "ಶನಿವಾರದ ಸಾಲುಗಳನ್ನು ಮಾತ್ರ ಒಮ್ಮೆ ನೋಡಿ ಸರ್" ಎಂದೆ. ನೋಡಿದರು. ಶನಿವಾರವೂ ಬೆಳಗ್ಗೆ ಏನಾದರೂ ತಿನ್ನಿ ಎಂದರೆ ಅತ್ತೆ ಜಪ್ಪಯ್ಯ ಎನ್ನಲಿಲ್ಲ. ಕೊನೆಗೆ ಡಾಕ್ಟರೇ ಸೋತು ಗ್ಲಿಮೆಪಿರೈಡ್ ತೆಗೆದು ಬೇರೆ ಮಾತ್ರೆ ಬರೆದರು.

ನಾನು ಸಾಧಾರಣವೆಂದು ಕೊನೆಯ ಸಾಲಿಗೆ ತಳ್ಳಿದ್ದ ಒಂದು ಮಾತ್ರೆಯ ಮೇಲೆ ಅವರ ಪೆನ್ನು ನಿಂತಿತು: ಮಂಡಿ ನೋವಿನ ಅಸೆಕ್ಲೋಫೆನಾಕ್. ಬಿಪಿಯ ಟೆಲ್ಮಿಸಾರ್ಟನ್, ಮೂತ್ರ ಹೆಚ್ಚಿಸುವ ಮಾತ್ರೆ, ಅವುಗಳ ಜೊತೆ ದಿನವೂ ಇದು ಸೇರಿದರೆ ಕಿಡ್ನಿಗೆ ಪೆಟ್ಟು ಎಂದು ಹೇಳಿ ಅದನ್ನು ಬಿಡಿಸಿದರು, ಕಿಡ್ನಿ ಹೇಗಿದೆ ಎಂದು ತಿಳಿಯಲು ಕ್ರಿಯಾಟಿನಿನ್ ರಕ್ತಪರೀಕ್ಷೆಗೆ ಬರೆದರು. ಯಾವುದೋ ಕಾಲದ ಚೀಟಿ ತೋರಿಸಿ ಅತ್ತೆ ತಿಂಗಳುಗಟ್ಟಲೆ ಕೊಳ್ಳುತ್ತಿದ್ದರು. ಸ್ಟ್ರಿಪ್‌ನ ಮೇಲಿನ ಕೆಂಪು ಗೆರೆಗೆ ಡಾಕ್ಟರ ಚೀಟಿ ಇಲ್ಲದೆ ಮಾರಬಾರದು ಎಂದು ಅರ್ಥ, ಆದರೆ ಚೀಟಿ ಎಷ್ಟು ಹಳೆಯದೆಂದು ನೋಡುವವರು ಯಾರು?

ಕ್ರಿಯಾಟಿನಿನ್ ಸ್ವಲ್ಪ ಏರಿತ್ತು. ಮೂರು ತಿಂಗಳ ನಂತರ ಇಳಿಯಿತು. ಮೊನ್ನೆ ದೇವರ ಗೂಡು ಒರೆಸುವಾಗ ವೆಂಕಟರಮಣಸ್ವಾಮಿಯ ಪಟದ ಹಿಂದೆ ಅಸೆಕ್ಲೋಫೆನಾಕ್ ಸ್ಟ್ರಿಪ್ ಒಂದು ಸಿಕ್ಕಿತು, ಎರಡು ಮಾತ್ರೆ ಖಾಲಿ. ಅತ್ತೆಯನ್ನು ಏನೂ ಕೇಳಲಿಲ್ಲ. ಪುಸ್ತಕ ತೆಗೆದು, ಆ ದಿನದ ಸಾಲಿನಲ್ಲಿ ಎರಡು ಎಂದು ಬರೆದೆ.