ಕರೆಂಟ್ ಎಲ್ಲಿ ಪೋಲಾಗುತ್ತಿದೆ? ಸಣ್ಣ ಕಾರ್ಖಾನೆಗೆ ಒಂದು ಎಕ್ಸೆಲ್ ಲೆಕ್ಕ

ತಿಂಗಳ ಬಿಲ್ ನೋಡಿದರೆ ಒಟ್ಟು ಯೂನಿಟ್ ಗೊತ್ತಾಗುತ್ತದೆ, ಅದರಲ್ಲಿ ಮಾಲಿಗೆ ಹೋದದ್ದೆಷ್ಟು, ಪೋಲಾದದ್ದೆಷ್ಟು ಎಂಬುದು ಗೊತ್ತಾಗುವುದಿಲ್ಲ. ಪೀಣ್ಯದ ಕಡೆ ಜಾಬ್ ವರ್ಕ್ ಮಾಡುವ ಸಣ್ಣ ಶೆಡ್‌ ಕೂಡ ಇದನ್ನು ಒಂದು ಎಕ್ಸೆಲ್ ಹಾಳೆಯಲ್ಲೇ ಕಂಡುಕೊಳ್ಳಬಹುದು.

ದಿನಕ್ಕೊಂದು ಸಾಲು: ದಿನಾಂಕ, ಮೀಟರ್ ರೀಡಿಂಗ್, ಜನರೇಟರ್ ಯೂನಿಟ್, ಮಷಿನ್ ಮೇಲೆ ಹೋದ ಒಟ್ಟು ಮಾಲು ಕೆಜಿಯಲ್ಲಿ, ಅದರಲ್ಲಿ ರಿಜೆಕ್ಟ್ ಎಷ್ಟು. ರಿಜೆಕ್ಟ್ ಆದ ಪೀಸೂ ಕರೆಂಟ್ ತಿಂದಿರುತ್ತದೆ, ಒಟ್ಟು ತೂಕದಿಂದ ಅದನ್ನು ಕಳೆಯಬೇಡಿ. ಸಿ.ಟಿ. ಮೀಟರ್ (ಕರೆಂಟ್ ಟ್ರಾನ್ಸ್‌ಫಾರ್ಮರ್ ಮೂಲಕ ಅಳೆಯುವ ಮೀಟರ್) ಇದ್ದರೆ ರೀಡಿಂಗ್ ವ್ಯತ್ಯಾಸವನ್ನು ಬಿಲ್‌ನಲ್ಲಿರುವ ಗುಣಕದಿಂದ ಗುಣಿಸಲೇಬೇಕು. ಲೆಕ್ಕ ಹೆಚ್ಚಾಗಿ ಕೆಡುವುದು ಹೊತ್ತಿನಲ್ಲಿ: ರೀಡಿಂಗ್ ಬೆಳಿಗ್ಗೆ ಎಂಟಕ್ಕೆ, ಉತ್ಪಾದನೆಯ ಲೆಕ್ಕ ರಾತ್ರಿ ಹನ್ನೆರಡಕ್ಕೆ ಬರೆದರೆ ಎರಡಕ್ಕೂ ತಾಳೆಯಾಗುವುದಿಲ್ಲ. ಎರಡನ್ನೂ ಶಿಫ್ಟ್ ಬದಲಾಗುವಾಗ ಬರೆಯಿರಿ.

ಮೂವತ್ತು ದಿನದ ಲೆಕ್ಕ ಸೇರಿದ ಮೇಲೆ ಎಕ್ಸೆಲ್‌ನ ಸ್ಲೋಪ್ (SLOPE), ಇಂಟರ್‌ಸೆಪ್ಟ್ (INTERCEPT) ಎಂಬ ಎರಡು ಸೂತ್ರ ಹಾಕಿ; ಎರಡರಲ್ಲೂ ಮೊದಲು ದಿನದ ಒಟ್ಟು ಯೂನಿಟ್ (ಮೀಟರ್ ಮತ್ತು ಜನರೇಟರ್ ಸೇರಿಸಿ), ಆಮೇಲೆ ಒಟ್ಟು ಕೆಜಿ ಕೊಡಿ. ಉದಾಹರಣೆಗೆ ಸ್ಲೋಪ್ 0.9, ಇಂಟರ್‌ಸೆಪ್ಟ್ 180 ಬಂತೆನ್ನಿ. ಕೆಜಿಗೆ 0.9 ಯೂನಿಟ್ ಬೇಕು. ಅದರ ಮೇಲೆ ದಿನಕ್ಕೆ ಸುಮಾರು 180 ಯೂನಿಟ್ ಉತ್ಪಾದನೆ ಎಷ್ಟೇ ಇರಲಿ ಹೋಗುತ್ತದೆ ಎಂದರ್ಥ. ದಿನವೂ ಹೆಚ್ಚುಕಡಿಮೆ ಒಂದೇ ತೂಕ ತೆಗೆಯುವ ಶೆಡ್‌ನಲ್ಲಿ ಈ ಅಂಕಿ ನಂಬಬೇಡಿ. ಅರ್ಧ ಶಿಫ್ಟ್ ನಡೆದ ದಿನಗಳೂ ಸೇರಿರಬೇಕು.

ಉಳಿತಾಯ ಸಿಗುವುದು ಹೆಚ್ಚಾಗಿ ಆ 180ರಲ್ಲೇ. ಮೊದಲು ಕಂಪ್ರೆಸರ್ ಹಿಡಿಯಿರಿ. ರಜೆಯ ದಿನ ಗಾಳಿ ಬಳಸುವ ಮಷಿನ್‌ಗಳನ್ನೆಲ್ಲ ನಿಲ್ಲಿಸಿ, ಲೈನ್ ವಾಲ್ವ್‌ಗಳನ್ನು ತೆರೆದೇ ಇಟ್ಟು ಕಂಪ್ರೆಸರ್ ಓಡಿಸಿ. ಲೋಡ್ (ಗಾಳಿ ತುಂಬುವ ಹೊತ್ತು) 2 ನಿಮಿಷ, ಅನ್‌ಲೋಡ್ (ಗಾಳಿ ತುಂಬದೆ ಸುಮ್ಮನೆ ಓಡುವ ಹೊತ್ತು) 6 ನಿಮಿಷ ಆದರೆ 2ನ್ನು 8ರಿಂದ ಭಾಗಿಸಿ: ಕಂಪ್ರೆಸರ್ ಕೊಡಬಲ್ಲ ಗಾಳಿಯ 25% ಸೋರಿಕೆಗೇ ಹೋಗುತ್ತಿದೆ. ನಾಲ್ಕೈದು ಸುತ್ತಿನ ಸರಾಸರಿ ತೆಗೆದುಕೊಳ್ಳಿ. ಕಪ್ಲಿಂಗ್, ಹೋಸ್ ಕ್ಲಾಂಪ್, ಡ್ರೇನ್ ವಾಲ್ವ್‌ಗಳಿಗೆ ಸೋಪಿನ ನೀರು ಹಚ್ಚಿದರೆ ಗುಳ್ಳೆ ಏಳುವ ಜಾಗ ಕಾಣುತ್ತದೆ. ಮಷಿನ್‌ಗೆ ಗಾಳಿಯ ಒತ್ತಡ 6 ಬಾರ್ ಸಾಕಾಗುವ ಕಡೆ 7 ಇಟ್ಟಿದ್ದರೆ ಇಳಿಸಿ. ಒಂದು ಬಾರ್‌ಗೆ ಕಂಪ್ರೆಸರ್ ಕರೆಂಟ್ ಸುಮಾರು 6-7% ಕಡಿಮೆಯಾಗುತ್ತದೆ.

ಆಮೇಲೆ ಹಾಳೆಗೆ ಇನ್ನೊಂದು ಕಾಲಂ. 400 ಕೆಜಿ ತೆಗೆದ ದಿನ 400 × 0.9 + 180, ಅಂದರೆ 540 ಯೂನಿಟ್ ಆಗಬೇಕು; 610 ಆಗಿದ್ದರೆ 70 ಹೆಚ್ಚು. ಈ ವ್ಯತ್ಯಾಸವನ್ನು ದಿನದಿಂದ ದಿನಕ್ಕೆ ಕೂಡಿಸುತ್ತಾ ಹೋಗಿ. ಒಂದು ದಿನದ ಏರಿಳಿತಕ್ಕೆ ಗಾಬರಿ ಬೇಡ, ಕೂಡಿಕೆ ವಾರವಿಡೀ ಏರುತ್ತಲೇ ಇದ್ದರೆ ಏರತೊಡಗಿದ ದಿನ ಯಾವುದೆಂದು ನೋಡಿ, ಅಂದು ಬದಲಾದದ್ದೇನೆಂದು ಆಪರೇಟರ್‌ನನ್ನೇ ಕೇಳಿ. ಅವನಿಗೆ ಗೊತ್ತಿರುತ್ತದೆ.

ಸೋರಿಕೆ ನಿಲ್ಲಿಸಿದ ಮೇಲೆ ಹೊಸ ಮೂವತ್ತು ದಿನದ ಲೆಕ್ಕದಿಂದ ಸೂತ್ರ ಮತ್ತೆ ಹಾಕಿ. ಹಳೆಯದನ್ನು ಅದರಲ್ಲಿ ಬೆರೆಸಬೇಡಿ, ಆದರೆ ಅಳಿಸಲೂ ಬೇಡಿ: ಇಂಗಾಲದ ಲೆಕ್ಕ ಕೇಳುವ ದೊಡ್ಡ ಗಿರಾಕಿಗಳಿಗೆ ಎಷ್ಟು ಇಳಿಸಿದಿರಿ ಎಂದು ತೋರಿಸಲು ಅದು ಬೇಕಾಗುತ್ತದೆ.