ಒಬ್ಬರ ಅಡುಗೆಗೆ ಬೇರೆಯೇ ಅಳತೆ

ನಾಲ್ವರ ಅಡುಗೆಯನ್ನು ನಾಲ್ಕರಿಂದ ಭಾಗಿಸಿದರೆ ಒಬ್ಬರ ಅಡುಗೆ ಆಗುವುದಿಲ್ಲ. ಒಂಟಿಯಾಗಿ ಇರತೊಡಗಿದ ಮೇಲೆ ಬಹುಕಾಲ ಹೊರಗಿನ ಊಟವನ್ನೇ ನೆಚ್ಚಿಕೊಂಡಿದ್ದು, ಮತ್ತೆ ಒಲೆ ಹಚ್ಚಿದಾಗ ನನಗೆ ಎಲ್ಲಕ್ಕಿಂತ ಮೊದಲು ಮನದಟ್ಟಾದ ಸಂಗತಿ ಇದು. ಅಡುಗೆ ನನಗೆ ಮರೆತಿರಲಿಲ್ಲ. ಆದರೆ ಕೈಗೆ ರೂಢಿಯಾಗಿದ್ದ ಅಳತೆಯೆಲ್ಲ ತುಂಬಿದ ಮನೆಯದು. ಪಾತ್ರೆ, ನೀರು, ಉರಿ, ತರಕಾರಿ ಕೊಳ್ಳುವ ಬಗೆ ಎಲ್ಲವನ್ನೂ ಒಂದು ತಟ್ಟೆಯ ಲೆಕ್ಕಕ್ಕೆ ಹೊಸದಾಗಿ ಹೊಂದಿಸಿಕೊಳ್ಳಬೇಕಾಯಿತು.

ಮೊದಲು ಬದಲಿಸಿದ್ದು ಪಾತ್ರೆಗಳನ್ನು. ಅಗಲವಾದ ಬಾಣಲೆಯಲ್ಲಿ ಒಂದು ಹಿಡಿ ತರಕಾರಿ ಹಾಕಿದರೆ ಎಣ್ಣೆ ತೆಳುವಾಗಿ ಹರಡಿಕೊಳ್ಳುತ್ತದೆ, ತರಕಾರಿ ಇಲ್ಲದ ಜಾಗವೆಲ್ಲ ಕಾದು ಹೊಗೆಯಾಡುತ್ತದೆ, ಹಾಕಿದ ನೀರು ತರಕಾರಿ ಬೇಯುವ ಮೊದಲೇ ಇಂಗಿಹೋಗುತ್ತದೆ. ಹಾಗಾಗಿ ಒಂದೂವರೆ ಲೀಟರ್ ಹಿಡಿಯುವ ದಪ್ಪ ತಳದ ಪಾತ್ರೆ, ಅದಕ್ಕೆ ಸರಿಯಾಗಿ ಕೂರುವ ಮುಚ್ಚಳ, ಒಂದು ಚಿಕ್ಕ ಬಾಣಲೆ, ಒಂದು ಒಳ್ಳೆಯ ಚಾಕು ಇಟ್ಟುಕೊಂಡೆ. ಉಳಿದವನ್ನು ಕಣ್ಣಿಗೆ ಬೀಳದಂತೆ ಮೇಲಿನ ಅಟ್ಟಕ್ಕೆ ಸೇರಿಸಿದೆ. ತೊಳೆಯಲು ಮೂರೇ ಪಾತ್ರೆ ಇದ್ದರೆ ಮರುದಿನ ಒಲೆಯ ಮುಂದೆ ನಿಲ್ಲುವ ಮನಸ್ಸು ತಾನಾಗಿ ಬರುತ್ತದೆ. ಇದನ್ನು ನಾನು ಬಹಳ ಗಟ್ಟಿಯಾಗಿ ನಂಬುತ್ತೇನೆ.

ಆಮೇಲೆ ಅನ್ನ. ಅಕ್ಕಿ ಬೇಯುವಾಗ ತಾನು ಹೀರಿಕೊಳ್ಳುವ ನೀರು ಹೆಚ್ಚುಕಡಿಮೆ ತನ್ನ ಅಳತೆಯಷ್ಟೇ. ಉಳಿದದ್ದು ಆವಿಯ ಪಾಲು. ಆವಿಯಾಗಿ ಹೋಗುವ ನೀರು ಪಾತ್ರೆಯ ಅಗಲ, ಉರಿ, ಮುಚ್ಚಳದ ಬಿಗಿ, ಬೇಯುವ ಸಮಯ ಇವುಗಳನ್ನು ಅವಲಂಬಿಸಿದೆ. ಅಕ್ಕಿ ಅರ್ಧವಾಯಿತೆಂದು ಆವಿ ಅರ್ಧವಾಗುವುದಿಲ್ಲ. ಒಂದು ಲೋಟ ಅಕ್ಕಿಗೆ ಒಂದೂವರೆ ಲೋಟ ನೀರು ಸಾಕಾಗುವ ಪಾತ್ರೆಯಲ್ಲಿ, ಅರ್ಧ ಲೋಟ ಅಕ್ಕಿಗೆ ಮುಕ್ಕಾಲು ಲೋಟ ನೀರು ಸಾಲದು. ಒಂದು ಲೋಟದ ಹತ್ತಿರ ಬೇಕು. ಈ ಒಂದು ಲೆಕ್ಕ ತಿಳಿದ ಮೇಲೆ ಚಿಕ್ಕ ಅಳತೆಯ ಅಡುಗೆಯ ಬಗ್ಗೆ ಧೈರ್ಯ ಬಂತು. ಬೇಳೆಗೂ, ಗಂಜಿಗೂ, ಗೊಜ್ಜಿನಂತೆ ಕುದಿಸಿ ಇಳಿಸುವ ಎಲ್ಲಕ್ಕೂ ಇದೇ ನಿಯಮ. ಉಪ್ಪು ಮಾತ್ರ ಅಳತೆಗೆ ತಕ್ಕಂತೆ ಇಳಿಯುತ್ತದೆ. ಆದರೂ ಅದನ್ನು ಕೊನೆಯಲ್ಲಿ ರುಚಿ ನೋಡಿಯೇ ಪೂರ್ತಿ ಮಾಡುವುದು ಒಳ್ಳೆಯದು. ಚಿಕ್ಕ ಪಾತ್ರೆಯಲ್ಲಿ ಒಂದು ಚಿಟಿಕೆ ಹೆಚ್ಚಾದರೂ ನಾಲಿಗೆಗೆ ತಟ್ಟುತ್ತದೆ.

ದಿನವೂ ಎಲ್ಲವನ್ನೂ ಮೊದಲಿನಿಂದ ಮಾಡುತ್ತೇನೆಂದು ಹೊರಟವರು ಹೆಚ್ಚು ದಿನ ಮುಂದುವರಿಯಲಾರರು. ವಾರಕ್ಕಾಗುವಷ್ಟು ಪೂರ್ತಿ ಅಡುಗೆಯನ್ನು ಒಮ್ಮೆಗೇ ಮಾಡಿಟ್ಟರೆ ಅದೇ ರುಚಿ ಬೇಸರ ತರಿಸುತ್ತದೆ. ನನಗೆ ಒಗ್ಗಿದ್ದು ಇವೆರಡರ ನಡುವಿನ ದಾರಿ: ಅರ್ಧ ಕೆಲಸ ಮುಗಿಸಿ ಇಟ್ಟುಕೊಳ್ಳುವುದು. ನನ್ನ ಅಡುಗೆಮನೆಯಲ್ಲಿ ಆ ಅರ್ಧ ಕೆಲಸವೆಂದರೆ ಹುರಿದ ಈರುಳ್ಳಿ.

ಬಿಡುವಿರುವ ದಿನ ಒಂದು ಕಿಲೋ ಈರುಳ್ಳಿಯನ್ನು ತೆಳುವಾಗಿ, ಒಂದೇ ಸಮನಾಗಿ ಹೆಚ್ಚುತ್ತೇನೆ. ಪಾತ್ರೆ ಅಗಲವಾಗಿರಬೇಕಾದ ಕೆಲಸ ಇದೊಂದೇ. ಅಟ್ಟದಿಂದ ದೊಡ್ಡ ಬಾಣಲೆ ಇಳಿಯುವುದು ಆಗ. ಎಣ್ಣೆ ಕಾದ ಮೇಲೆ ಈರುಳ್ಳಿ, ಜೊತೆಗೇ ಸ್ವಲ್ಪ ಉಪ್ಪು. ಉಪ್ಪು ಈರುಳ್ಳಿಯ ನೀರನ್ನು ಹೊರಗೆಳೆಯುತ್ತದೆ. ರಾಶಿ ಕುಗ್ಗಿ, ತಳದಲ್ಲಿ ನೀರು ನಿಂತು ಕುದಿಯುತ್ತದೆ. ನೀರು ಇರುವವರೆಗೆ ಬಿಸಿ 100 ಡಿಗ್ರಿ ದಾಟುವುದಿಲ್ಲ, ಆದ್ದರಿಂದ ಬಣ್ಣವೂ ಬರುವುದಿಲ್ಲ. ಇಲ್ಲಿ ಅವಸರಪಟ್ಟು ಉರಿ ಏರಿಸಿದರೆ ಅಂಚು ಸುಟ್ಟು ನಡು ಹಸಿಯಾಗಿಯೇ ಉಳಿಯುತ್ತದೆ. ಕುದಿಯುವ ಮೆತ್ತನೆಯ ಸದ್ದು ಚಟಪಟ ಸದ್ದಾಗಿ ಬದಲಾದರೆ ನೀರು ಮುಗಿದಿದೆ ಎಂದು ಅರ್ಥ. ಅಲ್ಲಿಂದ ಮುಂದೆ ಬಿಟ್ಟು ಕದಲಬಾರದು. ಮೊದಲು ಒಣ ಹುಲ್ಲಿನ ಬಣ್ಣ, ಆಮೇಲೆ ಹೊಂಬಣ್ಣ, ಆಮೇಲೆ ಕಂದು. ತಳಕ್ಕೆ ಹಿಡಿಯತೊಡಗಿದರೆ ಒಂದು ಚಮಚ ನೀರು ಹಾಕಿ ಕೆರೆದರೆ ಆ ಕಂದು ಪದರವೂ ಈರುಳ್ಳಿಗೇ ಸೇರುತ್ತದೆ. ರುಚಿಯ ಸಾರ ಇರುವುದೇ ಅದರಲ್ಲಿ. ಇಷ್ಟಕ್ಕೆ ಮುಕ್ಕಾಲು ಗಂಟೆ ಹಿಡಿಯುತ್ತದೆ. ಹತ್ತು ನಿಮಿಷದಲ್ಲಿ ಆಗುತ್ತದೆ ಎಂದು ಬರೆಯುವವರ ಮಾತು ನಂಬಬೇಡಿ. ಬಾಣಲೆ ತುಂಬ ಇದ್ದದ್ದು ಕೊನೆಗೆ ಒಂದು ಬಟ್ಟಲಿಗೆ ಇಳಿಯುತ್ತದೆ. ಮೂರು ದಿನಕ್ಕಾಗುವಷ್ಟನ್ನು ಫ್ರಿಜ್‌ನಲ್ಲಿಟ್ಟು, ಉಳಿದದ್ದನ್ನು ಎರಡೆರಡು ಚಮಚದಂತೆ ಫ್ರೀಜರ್‌ಗೆ ಹಾಕುತ್ತೇನೆ. ಅದಕ್ಕೆ ಟೊಮೆಟೊ ಸೇರಿದರೆ ಒಂದು ರುಚಿ, ಬೆಂದ ಬೇಳೆ ಸೇರಿದರೆ ಇನ್ನೊಂದು, ಮೊಟ್ಟೆ ಒಡೆದು ಹಾಕಿದರೆ ಮತ್ತೊಂದು.

ಕಾಳುಗಳನ್ನು ರಾತ್ರಿಯೇ ನೆನೆಹಾಕುತ್ತೇನೆ. ಟೊಮೆಟೊ, ನಿಂಬೆಯಂಥ ಹುಳಿಯನ್ನು ಕಾಳು ಮೆತ್ತಗಾದ ಮೇಲೆಯೇ ಸೇರಿಸಬೇಕು. ಮೊದಲೇ ಹಾಕಿದರೆ ಎಷ್ಟು ಕುದಿಸಿದರೂ ಬೇಗ ಬೇಯುವುದಿಲ್ಲ.

ಉಳಿದ ಅನ್ನದ ವಿಷಯದಲ್ಲಿ ನಾನು ಕಟ್ಟುನಿಟ್ಟು. ಅಕ್ಕಿಯಲ್ಲಿ ಇರಬಹುದಾದ ಕೆಲವು ಬ್ಯಾಕ್ಟೀರಿಯಾಗಳ ಬೀಜಕಣಗಳು ಕುದಿಯುವ ನೀರಿನಲ್ಲೂ ಸಾಯುವುದಿಲ್ಲ. ಅನ್ನ ಹೊರಗೆ ಉಗುರುಬೆಚ್ಚಗೆ ಕುಳಿತಷ್ಟು ಹೊತ್ತೂ ಅವು ಮೊಳೆತು, ಬೆಳೆದು, ವಿಷ ತಯಾರಿಸಬಲ್ಲವು. ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗದು. ಆದ್ದರಿಂದ ಉಳಿಯುವ ಅನ್ನವನ್ನು ತಟ್ಟೆಯಲ್ಲಿ ಹರಡಿ ಬೇಗ ಆರಿಸಿ, ಗಂಟೆಯೊಳಗೆ ಫ್ರಿಜ್‌ಗೆ ಸೇರಿಸಿ, ಮರುದಿನ ಹಬೆಯಾಡುವಷ್ಟು ಬಿಸಿ ಮಾಡಿ ತಿನ್ನುತ್ತೇನೆ. ಫ್ರಿಜ್ 5 ಡಿಗ್ರಿಗಿಂತ ತಣ್ಣಗಿದೆಯೇ ಎಂದು ಒಮ್ಮೆ ಉಷ್ಣಮಾಪಕ ಇಟ್ಟು ನೋಡುವುದೂ ಒಳ್ಳೆಯದು. ಒಂಟಿಯಾಗಿ ಇರುವವರಿಗೆ ಹೊಟ್ಟೆ ಕೆಟ್ಟರೆ ನೀರು ತಂದುಕೊಡುವವರೂ ಪಕ್ಕದಲ್ಲಿ ಇರುವುದಿಲ್ಲವಲ್ಲ.

ತರಕಾರಿ ಹಾಳಾಗುವುದು ಒಬ್ಬರ ಅಡುಗೆಮನೆಯ ದೊಡ್ಡ ಸಂಕಟ. ಎಲೆಕೋಸನ್ನು ನಡುವೆ ಕತ್ತರಿಸುವುದಿಲ್ಲ, ಹೊರಗಿನಿಂದ ಬೇಕಾದಷ್ಟೇ ಎಲೆ ಬಿಡಿಸಿಕೊಳ್ಳುತ್ತೇನೆ. ಉಳಿದ ಕೋಸು ವಾರಗಟ್ಟಲೆ ಗಟ್ಟಿಯಾಗಿಯೇ ಇರುತ್ತದೆ. ಸೊಪ್ಪನ್ನು ತೊಳೆಯದೆ ಒಣ ಬಟ್ಟೆಯಲ್ಲಿ ಸುತ್ತಿಡುತ್ತೇನೆ. ಆಲೂಗಡ್ಡೆಗೆ ಕತ್ತಲು ಬೇಕು, ಬೆಳಕು ಬಿದ್ದರೆ ಹಸಿರಾಗಿ ಕಹಿಯಾಗುತ್ತದೆ. ಅದನ್ನು ಈರುಳ್ಳಿಯ ಜೊತೆ ಒಂದೇ ಬುಟ್ಟಿಯಲ್ಲಿ ಇಟ್ಟರೆ ಎರಡೂ ಬೇಗ ಕೆಡುತ್ತವೆ.

ರಾತ್ರಿಗೆ ಏನು ಎಂಬುದನ್ನು ನಾನು ಬೆಳಿಗ್ಗೆಯೇ ತೀರ್ಮಾನಿಸುತ್ತೇನೆ. ದಣಿದು, ಹಸಿದು ಬಂದ ಹೊತ್ತಿಗೆ ಯೋಚನೆ ಶುರು ಮಾಡಿದರೆ ಕೈ ಮೊಬೈಲ್ ಕಡೆಗೇ ಹೋಗುತ್ತದೆ. ತೀರಾ ಸೋತುಬಂದ ದಿನಗಳಿಗೆ ಫ್ರೀಜರ್‌ನಲ್ಲಿರುವ ಈರುಳ್ಳಿ, ಒಂದು ಟೊಮೆಟೊ, ಎರಡು ಮೊಟ್ಟೆ ಮೀಸಲು. ಟೊಮೆಟೊ ಕರಗಿ ಎಣ್ಣೆ ಬಿಡುವಷ್ಟರಲ್ಲಿ ಎರಡು ಗುಳಿ ಮಾಡಿ ಮೊಟ್ಟೆ ಒಡೆದು ಹಾಕಿ, ಮುಚ್ಚಳ ಮುಚ್ಚಿ, ಸಣ್ಣ ಉರಿಯಲ್ಲಿಟ್ಟು ಬಟ್ಟೆ ಬದಲಿಸಿ ಬರುತ್ತೇನೆ. ಬಿಳಿ ಗಟ್ಟಿಯಾಗಿರುತ್ತದೆ. ತಟ್ಟೆಗೆ ಬಡಿಸಿಕೊಂಡು, ಕುಳಿತು ತಿನ್ನುತ್ತೇನೆ.